ಹೊರಗಿನೋರ ಹೆಣ

"ಲೇ ಬೋಸುಡಿ, ತಗೀಲೇ ಕೊಡಾನ! ನಿಮ್ಮಪ್ಪ ಹಾಕ್ಸ್ಯಾನೇನ್ ಬೋರು?"

ಸಾವ್ಕಾರನ ಹೊಲ ನೋಡಿಕೊಳ್ಳುವ ಹಂಪೇಶ್ ಒದ್ದ ರಭಸಕ್ಕೆ ಪ್ಲಾಸ್ಟಿಕ್ ಕೊಡ ಉರುಳಿ, ತುಂಬಿದಷ್ಟೂ ನೀರು ಮಣ್ಣುಪಾಲಾಯಿತು. ಉಚ್ಚೆಂಗಮ್ಮ ಕೊಡ ಎತ್ತಿಕೊಂಡಳು.

"ಯಣ್ಣಾ, ನಮ್ಮತ್ತಿಗೆ ಜ್ವರ ಬಂದಾವ. ಕಾಲುವಿ ನೀರು ಕುಡುದ್ರ ವಾಂತಿ ಮಾಡ್ಕಂತಾಳ."

"ಕಟಾವು ಮುಗುದೈತಿ. ಇನ್ನೂ ಯಾಕ ಬಿದ್ದೀರಿ ಇಲ್ಲಿ? ನಿಮ್ಮೂರಿಗೆ ಹೋಗಿ ಸಾಯ್ರಿ."

ಕೂಡ್ಲಿಗಿ ಕಡೆಯಿಂದ ಪ್ರತಿ ವರ್ಷ ಕಂಪ್ಲಿಗೆ ಕಬ್ಬು ಕಡಿಯಲು ಬರುವ ಗುಂಪು ಅವರದು. ಈ ಸಲ ಸಾವ್ಕಾರ ಹೊಲಕ್ಕೆ ಮಷಿನ್ ಇಳಿಸಿದ್ದರಿಂದ ಕೆಲಸ ಬೇಗ ತೀರಿತು. ಗುಂಪು ಮಂಡ್ಯದ ಲಾರಿ ಹತ್ತಿತು. ಜ್ವರದ ಮುದುಕಿ ಬೇಡವೆಂದ ಲಾರಿಯವ. ಗಂಡ ಹಾಲೇಶ್ ಕೂಲಿ ಹುಡುಕಿ ಕುರೆಕುಪ್ಪಕ್ಕೆ ಹೋದವನು ಇನ್ನೂ ಬಂದಿರಲಿಲ್ಲ. ಅವನ ಫೋನು ಸ್ವಿಚ್ ಆಫ್. ಕಾಲುವೆ ದಂಡೆಯಲ್ಲಿ ಹೋದವರ ಒಲೆಗಲ್ಲುಗಳು ಉಳಿದಿದ್ದವು. ತಾಡಪಾಲು ಕಟ್ಟಿದ ಗುಡಿಸಲು ಇವಳದೊಂದೇ.

ಅತ್ತೆ ಎರ್ರೆಮ್ಮ ಗೋಣಿತಾಟಿನ ಮೇಲೆ ನಡುಗುತ್ತಿದ್ದಳು.

"ಏನರ ಮಾತಾಡವ್ವಾ. ಯಾರ ದನೀನೂ ಕೇಳವಲ್ದು."

ಉಚ್ಚೆಂಗಮ್ಮ ಕಾಲುವೆ ನೀರು ಕಾಸುತ್ತ ಮಾತಾಡಿದಳು. ಊರಲ್ಲಿ ಬಿಟ್ಟುಬಂದ ಆಡು, ಸೋರುವ ಮಾಳಿಗೆ, ತನ್ನ ಮದುವೆಯಲ್ಲಿ ಅತ್ತೆ ಜಗಳ ತೆಗೆದದ್ದು. ನಗು ಬಂದು ತಿರುಗಿ ನೋಡಿದರೆ ಮುದುಕಿಯ ಕಣ್ಣು ತೆರೆದೇ ಇತ್ತು.

ಊರ ಕಟ್ಟೆಯ ಮೇಲೆ ಹಿರಿಯ ಹೊನ್ನೂರಪ್ಪ ಕೂತಿದ್ದ.

"ಯಪ್ಪಾ, ನಮ್ಮತ್ತಿ ತೀರಿಕ್ಯಂಡಾಳ. ಸುಡುಗಾಡಿನ್ಯಾಗ ಒಂದೀಟು ಜಾಗ ಕೊಡ್ರಿ."

"ಯಾವ ಪೈಕಿ ನೀವು?"

ಜಾತಿ ಹೇಳಿದಳು. ಅವನು ತುಸು ಹಿಂದಕ್ಕೆ ಸರಿದ.

"ಇದು ಊರಿನೋರ ಸುಡುಗಾಡು. ಹೊರಗಿನೋರ್ನ ಹಾಕಾಂಗಿಲ್ಲ. ನಿಮ್ಮೂರಿಗೆ ಒಯ್ಯಿ."

ಒಯ್ಯಲು ಟ್ರ್ಯಾಕ್ಟರ್ ಕೇಳಹೋದರೆ ಸಾವ್ಕಾರ ಕಾರಿನಿಂದ ಇಳಿಯಲಿಲ್ಲ.

"ಹೆಣ ಹಾಕಿದ ಟ್ರ್ಯಾಲಿನ್ಯಾಗ ನಾಳಿ ಬಾಳಿಗೊನಿ ಹೇರ್ಲೇನು? ಹೋಗತ್ಲಾಗ."

ಗಾಜು ಮೇಲೇರಿತು. ಗಾಜಿನಲ್ಲಿ ಉಚ್ಚೆಂಗಮ್ಮನಿಗೆ ತನ್ನ ಮುಖವೇ ಕಂಡಿತು.

ಮರಳಿ ಬಂದು ಸಲಿಕೆ ತೆಗೆದುಕೊಂಡಳು. ತಾನೇ ಕಬ್ಬು ಕಡಿದ ಹೊಲದ ನಟ್ಟನಡುವೆ ಅಗೆಯತೊಡಗಿದಳು. ಅಂಗೈಯ ಚರ್ಮ ಕಿತ್ತು, ರಕ್ತಕ್ಕೆ ಹಿಡಿಕೆ ಜಾರಿತು. ಹೆಗಲು ಕೊಡಲು ಯಾರೂ ಇರಲಿಲ್ಲ. ಅತ್ತೆಯನ್ನು ಸೀರೆಯಲ್ಲಿ ಸುತ್ತಿ, ಕೂಳೆಗಳ ಮೇಲೆ ಎಳೆದು ತಂದಳು. "ತಡಿ ಅತ್ತಿ, ಚುಚ್ಚತಾವ" ಎನ್ನುತ್ತಿದ್ದಳು. ಗುಂಡಿಗೆ ಇಳಿಸಿ, ಮುಖದ ಮೇಲೆ ಮಣ್ಣು ಹಾಕುವಾಗ ಮಾತ್ರ ಕಣ್ಣು ಮುಚ್ಚಿಕೊಂಡಳು.

ಮಣ್ಣು ದಿಬ್ಬವಾಗುವ ಹೊತ್ತಿಗೆ ಹಂಪೇಶ್ ಓಡಿಬಂದ. ಹಿಂದೆ ಊರಿನ ನಾಲ್ಕಾರು ಗಂಡಸರು.

"ಏಯ್ ರಂಡೆ! ಸಾವ್ಕಾರ್ರ ಹೊಲದಾಗ ಹೆಣ ಹೂಳ್ತೀಯಾ? ತಗೀಲೇ ಮ್ಯಾಲಕ!"

ಉಚ್ಚೆಂಗಮ್ಮ ಸಲಿಕೆಯನ್ನು ಅವನ ಕಾಲ ಬಳಿ ಎಸೆದಳು.

"ತಗಾ. ನೀನ ತಗಿ. ನಮ್ಮತ್ತೀನ ಮುಟ್ಟಿ ಎತ್ತು, ನೋಡಾನು."

ಹಂಪೇಶ್ ಸಲಿಕೆ ನೋಡಿದ. ಹಿಂದಿನವರನ್ನು ನೋಡಿದ. ಅವರಲ್ಲಿ ಒಬ್ಬನೂ ಹೆಜ್ಜೆ ಮುಂದಿಡಲಿಲ್ಲ.

ಅವನು ಆಚೆ ಹೋಗಿ ಫೋನು ಮಾಡಿ ಬಂದ.

"ಸಾವ್ಕಾರ್ರು ಜೆಸಿಬಿ ಕಳಿಸಾಕತ್ತಾರ."

"ಬರ್ಲಿ. ಇದು ನಮ್ಮತ್ತಿ ಜಾಗ."

ಗಂಡಸರು ಬದುವಿನ ಮೇಲೆ ಹೋಗಿ ನಿಂತರು. ಕಂಪ್ಲಿ ರಸ್ತೆಯ ಕಡೆಯಿಂದ ಎಂಜಿನ್ ಸದ್ದು ಹತ್ತಿರವಾಗತೊಡಗಿತು. ಉಚ್ಚೆಂಗಮ್ಮ ಸೆರಗು ಬಿಗಿದು, ಹಸಿಮಣ್ಣಿನ ಮೇಲೆ ಉದ್ದಕ್ಕೂ ಮಲಗಿದಳು.