ಗ್ರಂಥಾಲಯದ ಆರು ಕಂಪ್ಯೂಟರ್‌ಗಳು

"ಇನ್ನೊಂದು ಸಲ ಒತ್ತಿ ನೋಡೋಣ," ಎಂದಳು ಹೆಂಡತಿ.

ಗಂಡ ಎಡಗೈಯ ತೋರುಬೆರಳಿನಿಂದ ಗುಂಡಿ ಒತ್ತಿದರು. ಫ್ಯಾನು ಗೊರಗೊರ ಎಂದಿತು. ಪರದೆ ಒಮ್ಮೆ ಬೆಳಗಿ ಕಪ್ಪಾಯಿತು. ಆಮೇಲೆ ಮೂಲೆಯಲ್ಲಿ ಅದೇ ಬಿಳಿಯ ಸಾಲು: ಶುರುವಾಗಲು ಬೇಕಾದದ್ದು ಏನೂ ಸಿಗಲಿಲ್ಲ, ಸರಿಯಾದ ಡಿಸ್ಕ್ ಹಾಕಿ ಯಾವುದಾದರೂ ಕೀ ಒತ್ತಿ. ಮೂರು ದಿನದಿಂದ ಆ ಸಾಲನ್ನು ಓದಿ ಓದಿ ಇಬ್ಬರಿಗೂ ಬಾಯಿಪಾಠವಾಗಿಬಿಟ್ಟಿತ್ತು. ಬೇಕಾದದ್ದು ಪೆನ್‌ಡ್ರೈವಿನಲ್ಲಿತ್ತು, ಪೆನ್‌ಡ್ರೈವು ಕಂಪ್ಯೂಟರಿನಲ್ಲಿತ್ತು, ಅದರ ಕೆಂಪು ದೀಪ ಮಿಣಮಿಣ ಎನ್ನುತ್ತಲೂ ಇತ್ತು. ಇನ್ನೇನು ಬೇಕಂತೆ ಈ ಡಬ್ಬಕ್ಕೆ ಎಂದು ಆಕೆ ಮನಸ್ಸಿನಲ್ಲೇ ಬೈದುಕೊಂಡಳು.

ಡಬ್ಬ ಬಡಾವಣೆಯ ಗ್ರಂಥಾಲಯದ್ದು. ಇಂಥವು ಅಲ್ಲಿ ಇನ್ನೂ ಐದಿವೆ. ಎಲ್ಲಕ್ಕೂ ವಯಸ್ಸಾಗಿದೆ, ಅಂಗಡಿಯಲ್ಲಿ ಸಿಗುವ ಹೊಸ ಸಿಸ್ಟಮ್ ಹಾಕಿದರೆ ಹೊರಲಾರದೆ ಕೂತುಬಿಡುತ್ತವೆ. ಪುಕ್ಕಟೆ ಸಿಗುವ, ಯಾರು ಬೇಕಾದರೂ ಒಳಗೆ ಬಿಚ್ಚಿ ನೋಡಬಹುದಾದ ಲಿನಕ್ಸ್ ಹಾಕಿದರೆ ಇನ್ನೂ ನಾಲ್ಕೈದು ವರ್ಷ ಓಡುತ್ತವೆ ಎಂದು ಹೇಳಿದವರು ಇವರೇ. ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರು ಮಾಡುವುದು, ಅದನ್ನೇ ಒಳಗಿನ ಡಿಸ್ಕಿಗೆ ಇಳಿಸುವುದು, ಅಷ್ಟೇ. ಮೊದಲಾಗಿದ್ದರೆ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಒಂದನ್ನು ಹಚ್ಚಿ ಇನ್ನೊಂದಕ್ಕೆ ಕೈ ಹಾಕುತ್ತಿದ್ದರು.

ಅವರ ರಿಪೇರಿ ಅಂಗಡಿ ಇದ್ದದ್ದು ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ. ಯಾರಾದರೂ ಮೇಲೆ ಹತ್ತಿದರೆ ಹೆಜ್ಜೆ ಸದ್ದು ನೇರ ತಲೆಯ ಮೇಲೆ. ಇಪ್ಪತ್ತೆರಡು ವರ್ಷ ಅಲ್ಲೇ ಬೆನ್ನು ಬಗ್ಗಿಸಿ ಕೂತು ಊರಿನ ಕೆಟ್ಟ ಕಂಪ್ಯೂಟರುಗಳನ್ನೆಲ್ಲ ಬದುಕಿಸಿದ್ದಕ್ಕೆ ಕಟ್ಟಡದವರು ಅವರನ್ನು ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಏಳು ತಿಂಗಳ ಹಿಂದೆ ಇದೇ ಸ್ಟೂಲಿನ ಮೇಲೆ ಕೂತಿದ್ದಾಗ ಲಕ್ವ ಹೊಡೆಯಿತು. ನಮ್ಮ ಡಾಕ್ಟ್ರನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋದ್ರಂತೆ ಎಂದು ಮೇಲಿನ ಮಹಡಿಯವರು ಹೇಳಿಕೊಂಡರು. ಹೇಳಿ ನಕ್ಕವರೇ ಆಸ್ಪತ್ರೆಗೂ ಬಂದು ಕೂತರು, ಆ ಮಾತು ಬೇರೆ.

ಕಾಲು ಬಂತು, ಮಾತು ಬಂತು. ಬಲಗೈ ಮಾತ್ರ ಅರ್ಧಕ್ಕೆ ನಿಂತಿತು. ಕೆಲವು ಪದಗಳು ಮಾತ್ರ ಬೇಕೆಂದಾಗ ಕೈಕೊಟ್ಟು ಬೇರೆ ಯಾವುದೋ ಪದ ಬಂದು ನಿಲ್ಲುತ್ತಿತ್ತು. "ಆ ಚಮಚ ಕೊಡು," ಎಂದರೆ ಆಕೆ ಸ್ಕ್ರೂಡ್ರೈವರ್ ಕೊಡುತ್ತಿದ್ದಳು, ತಿದ್ದುತ್ತಿರಲಿಲ್ಲ. ಕಾಯಿಲೆ ಬಿದ್ದಮೇಲೆ ಹಿಡಿದ ಮೊದಲನೇ ಕೆಲಸ ಇದು. ಆಕೆ ಆಫೀಸಿಗೆ ಒಂದು ವಾರ ರಜೆ ಹಾಕಿ ಜೊತೆಗೆ ಬಂದಿದ್ದಳು.

ಮಾಡದೆ ಬಿಟ್ಟದ್ದು ಏನೂ ಇರಲಿಲ್ಲ. ಯಾವುದರಿಂದ ಮೊದಲು ಶುರುವಾಗಬೇಕು ಎಂಬ ಪಟ್ಟಿಯಲ್ಲಿ ಪೆನ್‌ಡ್ರೈವನ್ನು ಮೇಲಕ್ಕೆ ತಂದದ್ದಾಯಿತು. ಗುರುತಿಲ್ಲದ ಸಿಸ್ಟಮ್ಮನ್ನು ಶುರುವಾಗಲು ಬಿಡದ ಕಾವಲಿನ ಸೆಟ್ಟಿಂಗು ಆರಿಸಿ, ಮತ್ತೆ ಹಚ್ಚಿ, ಮತ್ತೆ ಆರಿಸಿದ್ದಾಯಿತು. ಮುಂದಿನ ಕಿಂಡಿ ಬಿಟ್ಟು ಹಿಂದಿನ ಕಿಂಡಿಗೆ ಚುಚ್ಚಿದ್ದಾಯಿತು. ಎರಡನೇ ಕಂಪ್ಯೂಟರನ್ನೂ ಆಟೋದಲ್ಲಿ ತರಿಸಿ ನೋಡಿದರೆ ಅದೂ ಇದರ ತಮ್ಮನೇ. ಅಂಗಡಿಯ ಸ್ವಂತ ಕಂಪ್ಯೂಟರನ್ನು ಕಾಯಿಲೆಯ ಕಾಲದಲ್ಲೇ ಮಾರಿದ್ದರಿಂದ ಪೆನ್‌ಡ್ರೈವ್ ತಯಾರಾಗುತ್ತಿದ್ದದ್ದು ಮನೆಯಲ್ಲಿ. ಮೊದಲ ದಿನ ಆಗಲಿಲ್ಲವೆಂದು ಸಂಜೆ ಕೂತು ಅದನ್ನೇ ಮತ್ತೆ ಬರೆದರು. ಎರಡನೇ ದಿನವೂ ಆಗದಿದ್ದಾಗ ಹೊಸ ಪೆನ್‌ಡ್ರೈವ್ ತಂದರು, ಲಿನಕ್ಸಿನ ಫೈಲನ್ನೂ ನೆಟ್ಟಿನಿಂದ ಹೊಸದಾಗಿ ಇಳಿಸಿದರು. ಪೂರ್ತಿ ಇಳಿದಿದೆಯೋ ಇಲ್ಲವೋ ನೋಡಲು ಅರವತ್ತನಾಲ್ಕು ಅಕ್ಷರ, ಅಂಕಿಗಳ ಒಂದು ಸಾಲನ್ನು ತಾಳೆ ನೋಡಬೇಕಿತ್ತು. ಆಫೀಸಿನಲ್ಲಿ ಕಡತ ಓದುವ ದನಿಯಲ್ಲಿ ಆಕೆ ಒಂದೊಂದೇ ಓದಿದಳು. ಅವರು ಪರದೆಗೆ ಬೆರಳು ಹಚ್ಚಿಕೊಂಡು ಹೂಂ, ಹೂಂ ಎಂದರು. ಅರವತ್ತನಾಲ್ಕೂ ಸರಿಯಿದ್ದವು.

"ಮನೇಲಿ ಎಲ್ಲ ಸರಿ ಇರತ್ತೆ. ಇಲ್ಲಿಗೆ ಬಂದ್ರೆ ಇರಲ್ಲ," ಎಂದರು ಅವರು ಈಗ. "ಎಲ್ಲೋ ಒಂದು ಕಡೆ ಏನೋ ಬಿಡ್ತಾ ಇದೀನಿ. ಏನು ಅಂತ ಹೊಳೀತಿಲ್ಲ."

"ಡಬ್ಬಗಳೇ ಕೆಟ್ಟಿರಬಹುದಲ್ವಾ?"

"ಎರಡೂ ಒಂದೇ ಥರ ಕೆಡತ್ವಾ? ಕೆಟ್ಟಿರೋದು ಇದು." ಅವರು ಎಡಗೈಯಿಂದ ತಲೆ ತಟ್ಟಿಕೊಂಡರು. ಕೋಪದಿಂದಲ್ಲ, ಬಾಗಿಲು ತಟ್ಟಿ, ಒಳಗೆ ಯಾರೂ ಇಲ್ಲವೆಂದು ಗೊತ್ತಾದವರು ಇನ್ನೊಮ್ಮೆ ತಟ್ಟುವ ಹಾಗೆ.

ಹನ್ನೊಂದರ ಹೊತ್ತಿಗೆ ಗ್ರಂಥಾಲಯದ ಮೇಡಮ್ ಬಂದರು. ತುಂಬ ಒಳ್ಳೆಯ ಹೆಂಗಸು. ಒಳ್ಳೆಯವರಾದದ್ದರಿಂದಲೇ ಅವರ ಮಾತು ಹೆಚ್ಚು ಚುಚ್ಚುತ್ತಿತ್ತು.

"ನಿಮಗೆ ತೊಂದ್ರೆ ಕೊಟ್ಬಿಟ್ಟೆ ಅನ್ಸತ್ತೆ ಅಣ್ಣಾ. ಆಗದಿದ್ರೆ ಬಿಟ್ಬಿಡಿ. ಸೋಮವಾರ ಹೇಗೂ ಗುಜರಿಯವನು ಬರ್ತಾನೆ, ಎಲ್ಲ ಒಟ್ಟಿಗೆ ಎತ್ಕೊಂಡು ಹೋಗ್ಲಿ."

"ಇಲ್ಲಮ್ಮಾ, ನೋಡ್ತೀನಿ," ಎಂದರು ಅವರು.

ಮೇಡಮ್ ಹೊರಟುಹೋದರು. ತಲೆಯ ಮೇಲೆ ಯಾರೋ ದಡದಡ ಇಳಿದು ಹೋದರು. ಆಮೇಲೆ ಅವರು ಮೇಜಿನ ಖಾನೆಯಿಂದ ಬಿಳಿ ಹಾಳೆ ತೆಗೆದು ಹೆಂಡತಿಯ ಮುಂದಿಟ್ಟರು.

"ಬರಿ. ಕಟ್ಟಡದ ಯಜಮಾನರಿಗೆ. ಈ ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡ್ತೀವಿ ಅಂತ. ನಿನ್ನ ಆಫೀಸು ಭಾಷೇಲೇ ಬರಿ, ಚೆನ್ನಾಗಿರತ್ತೆ."

"ಒಂದು ಕಂಪ್ಯೂಟರ್ ಶುರು ಆಗ್ಲಿಲ್ಲ ಅಂತ ಅಂಗಡಿ ಮುಚ್ಚೋದಾ?"

"ಇದು ನನ್ನ ಕಿರುಬೆರಳಿನ ಕೆಲಸ ಕಣೇ. ನಿದ್ದೆಗಣ್ಣಲ್ಲೂ ಮಾಡ್ತಿದ್ದೆ. ಇದೇ ಆಗಲ್ಲ ಅಂದ್ರೆ ನಾಳೆ ಇನ್ನೊಬ್ಬರ ಡಿಸ್ಕ್ ಅಳಿಸಿ ಹಾಕ್ತೀನಿ. ಜನ ಮದುವೆ ಫೋಟೋ ಇಟ್ಟಿರ್ತಾರೆ, ಮಕ್ಕಳ ಫೋಟೋ ಇಟ್ಟಿರ್ತಾರೆ. ತಲೆ ಸರಿ ಇಲ್ದೆ ಅವನ್ನ ಮುಟ್ಟಬಾರದು. ಬರಿ."

ಆಕೆ ಪೆನ್ನು ತೆರೆದು, ಮಾನ್ಯರೇ, ಎಂದು ಬರೆದಳು. ವಿಷಯ, ಎಂದು ಬರೆದು ನಿಲ್ಲಿಸಿದಳು. ಏಳು ತಿಂಗಳಲ್ಲಿ ಒಮ್ಮೆಯೂ ಗಂಡನ ಎದುರು ಅತ್ತವಳಲ್ಲ. ಈಗ ಮುಖ ಕಾಣದಂತೆ ಹಾಳೆಯ ಮೇಲೆ ಬಗ್ಗಿ ಆ ಒಂದು ಪದದ ಕೆಳಗೆ ಗೆರೆ ಎಳೆಯತೊಡಗಿದಳು.

"ತಾಳು," ಎಂದರು ಅವರು. "ಬರೆಯೋಕೆ ಮುಂಚೆ ಒಂದು ಪರೀಕ್ಷೆ ಮಾಡು. ಆ ಆಸ್ಪತ್ರೆ ಹುಡುಗಿ ಮಾತಿನ ವ್ಯಾಯಾಮ ಮಾಡಿಸ್ತಾಳಲ್ಲ, ಹತ್ತು ತರಕಾರಿ ಹೆಸರು ಹೇಳಿ, ಹತ್ತು ಪ್ರಾಣಿ ಹೆಸರು ಹೇಳಿ ಅಂತ. ನಾನು ಪೆನ್‌ಡ್ರೈವಲ್ಲಿ ಏನೇನಿರಬೇಕು ಅಂತ ಹೇಳ್ತೀನಿ. ತಪ್ಪಿದ್ರೆ ಹೇಳು."

"ತಪ್ಪು ಅಂತ ನನಗೆ ಹೇಗ್ರೀ ಗೊತ್ತಾಗತ್ತೆ?"

"ಸುಮ್ನೆ ಕೇಳು ಹಾಗಿದ್ರೆ." ಅವರು ಕಣ್ಣು ಮುಚ್ಚಿ, ಎಡಗೈಯ ಬೆರಳು ಮಡಿಸತೊಡಗಿದರು. "ಬೂಟ್ ಅಂತ ಒಂದು ಫೋಲ್ಡರು. ಇ ಎಫ್ ಐ ಅಂತ ಒಂದು, ಬರೀ ಮೂರಕ್ಷರ. ಶುರು ಮಾಡೋ ಕೆಲಸ ಎಲ್ಲ ಅವೆರಡರದ್ದೇ. ಆಟೋರನ್ ಅಂತ ಒಂದು ಚಿಕ್ಕ ಫೈಲು, ಅದು ಲೆಕ್ಕಕ್ಕಿಲ್ಲ. ಆಮೇಲೆ ಒಂದು ದೊಡ್ಡದು..."

ದೊಡ್ಡದರ ಹೆಸರು ಅವರು ಹುಡುಕುತ್ತಿದ್ದಾಗ ಆಕೆ ಪೆನ್ನು ಕೆಳಗಿಟ್ಟಳು.

ಇ ಎಫ್ ಐ. ಆ ಮೂರಕ್ಷರವನ್ನು ಆಕೆ ಈ ಬೆಳಗ್ಗೆ ನೋಡಿದ್ದಳು. ನೋಡಿ, ಅಳಿಸಿದ್ದಳು.

ಆಫೀಸಿನಲ್ಲಿ ಆಕೆ ಇದ್ದದ್ದು ದಾಖಲೆ ವಿಭಾಗದಲ್ಲಿ. ಹತ್ತು ವರ್ಷದ ಹಿಂದೆ ಯಾರದೋ ಪೆನ್‌ಡ್ರೈವಿನಿಂದ ಬಂದ ವೈರಸ್ಸು ಅಲ್ಲಿಯ ಮೂರು ವರ್ಷದ ದಾಖಲೆಗಳನ್ನು ನುಂಗಿ ನೀರು ಕುಡಿದಿತ್ತು. ಅಂದಿನಿಂದ ಯಾರ ಪೆನ್‌ಡ್ರೈವಾದರೂ ಸರಿ, ಮೊದಲು ಆಕೆಯ ಮೇಜಿಗೆ ಬರಬೇಕು. ಆಕೆ ತೆರೆದು, ಗುರುತಿಲ್ಲದ ಹೆಸರುಗಳನ್ನೆಲ್ಲ ಹಿಂದೆಮುಂದೆ ನೋಡದೆ ಅಳಿಸಿ, ಆಮೇಲೆಯೇ ಒಳಗೆ ಬಿಡುತ್ತಿದ್ದಳು. ಸಾಹೇಬರದ್ದನ್ನೂ ಬಿಟ್ಟವಳಲ್ಲ. ಸಹೋದ್ಯೋಗಿಗಳು ಇಟ್ಟ ಹೆಸರು ಪೊರಕೆ ಮೇಡಮ್. ಆಕೆಗೆ ಒಳಗೊಳಗೇ ಅದು ಇಷ್ಟವೇ ಆಗಿತ್ತು.

ಮೂರು ದಿನವೂ ಬೆಳಗ್ಗೆ ಒಲೆಯ ಮೇಲೆ ಹಾಲಿಟ್ಟು, ಮನೆಯ ಕಂಪ್ಯೂಟರಿನಿಂದ ಪೆನ್‌ಡ್ರೈವ್ ಕೀಳುವ ಮೊದಲು ಆಕೆ ಅದೇ ಕೆಲಸ ಮಾಡಿದ್ದಳು. ಇದು ಗಂಡ ಬರೆದದ್ದು, ಇದರಲ್ಲಿರುವುದೆಲ್ಲ ಬೇಕಾದದ್ದೇ ಎಂಬುದು ತಲೆಗೆ ಹೋಗಲೇ ಇಲ್ಲ; ತಲೆಯನ್ನು ಕೇಳದೆಯೇ ಕೈ ಕೆಲಸ ಮುಗಿಸಿತ್ತು. ಆಟೋರನ್ ಅಳಿಸಿದಳು. ಇ ಎಫ್ ಐ, ಬೂಟ್ ಅಳಿಸಿದಳು. ದೊಡ್ಡದೊಂದನ್ನು, ಇಷ್ಟು ದೊಡ್ಡದಿದೆ ಎಂದಮೇಲೆ ಕೆಲಸದ್ದಿರಬೇಕು ಎಂದು ಬಿಟ್ಟಳು. ಆಮೇಲೆ ಅವರ ಬಲಗೈಗೆ ಆಗುವುದಿಲ್ಲವೆಂದು ತಾನೇ ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದಳು.

ಅಯ್ಯೋ ಪಾಪಿ, ಎಂದುಕೊಂಡಳು.

ಅವರು ಇನ್ನೂ ಕಣ್ಣು ಮುಚ್ಚಿಯೇ ಇದ್ದರು. "ದೊಡ್ಡದರ ಹೆಸರು ಬರ್ತಿಲ್ಲ. ಉಳಿದದ್ದು ಸರೀನಾ?"

"ಸರಿ," ಎಂದಳು.

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಹೇಗಾದರೂ ಕಾಡಿ ಬೇಡಿ ಇವತ್ತು ಸಂಜೆ ಇನ್ನೊಮ್ಮೆ ಬರೆಸುವುದು, ನಾಳೆ ಕೈ ಹಚ್ಚದೆ ಇರುವುದು. ಅದು ಶುರುವಾಗುತ್ತದೆ, ಅವರ ಮುಖ ಅರಳುತ್ತದೆ, ತನ್ನ ಮರ್ಯಾದೆಯೂ ಉಳಿಯುತ್ತದೆ. ಆಕೆ ಅದನ್ನು ಯೋಚಿಸಿದಳು, ಸುಳ್ಳು ಯಾಕೆ. ಆದರೆ ಈ ಮೂರು ದಿನ? ಯಾಕೆ ಆಗಲಿಲ್ಲವೆಂದು ಗೊತ್ತಾಗದೆ ಹೋದರೆ ಈ ಮನುಷ್ಯ ಆ ಮೂರು ದಿನವನ್ನು ಸಾಯುವತನಕ ತಲೆಯೊಳಗೆ ಇಟ್ಟುಕೊಂಡು ಕೊರಗುತ್ತಾರೆ.

"ರೀ," ಎಂದಳು. "ನಾನು ಅಳಿಸಿದೆ."

"ಏನನ್ನ?"

"ಬೂಟು, ಇ ಎಫ್ ಐ, ಎಲ್ಲ. ಮೂರು ದಿನವೂ. ಆಫೀಸಲ್ಲಿ ಮಾಡೋ ಹಾಗೆ. ವೈರಸ್ಸು ಇರತ್ತೆ ಅಂತ... ನಿಮ್ಮ ತಲೆ ಸರಿಯಾಗೇ ಇದೆ ಕಣ್ರೀ. ಕೆಟ್ಟಿರೋದು ನನ್ನದು."

ಅವರು ಕಣ್ಣು ಬಿಟ್ಟು ಆಕೆಯನ್ನೇ ನೋಡಿದರು. ಬೈಯುತ್ತಾರೆ ಎಂದು ಕಾದಳು, ಬೈದಿದ್ದರೆ ಹಗುರಾಗುತ್ತಿತ್ತು. ಅವರು ನಕ್ಕರು. ಬಲಗಡೆಯ ತುಟಿ ಇನ್ನೂ ಪೂರ್ತಿ ಏಳುತ್ತಿರಲಿಲ್ಲವಾದ್ದರಿಂದ ಅರ್ಧ ನಗು. ಆದರೂ ಭುಜ ಕುಲುಕುವಷ್ಟು ನಕ್ಕರು.

"ಆಟೋರನ್ ಕಂಡ್ರೆ ಬಿಡಬೇಡ, ವೈರಸ್ಸು ಅದರ ಬೆನ್ನೇರಿ ಬರತ್ತೆ, ಅಳಿಸಿಬಿಡು ಅಂತ ನಿನಗೆ ಹೇಳಿಕೊಟ್ಟವನು ಯಾರು? ನಾನೇ ಅಲ್ವೇನೇ!"

ಹೌದು, ಅವರೇ. ಆಕೆಗೂ ನಗು ಬಂತು, ಜೊತೆಗೆ ಅಳುವೂ ಬಂತು, ಸೆರಗಿನಲ್ಲಿ ಎರಡನ್ನೂ ಒರೆಸಿಕೊಂಡಳು. ಹಾಳೆಯನ್ನು ಮಡಿಸಿ ಹರಿದಳು. ಎಲ್ಲ ಮುಗಿಯಿತು ಅನ್ನಿಸಿತು.

ಅವರ ನಗು ಮಾತ್ರ ಮೆಲ್ಲಗೆ ಇಳಿದುಹೋಯಿತು. ಪೆನ್‌ಡ್ರೈವನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡು ನೋಡಿದರು.

"ಇದರೊಳಗೆ ಏನಿದೆ ಅಂತ ನಾನ್ಯಾಕೆ ಒಂದ್ಸಲಾನೂ ತೆಗೆದು ನೋಡ್ಲಿಲ್ಲ?" ಎಂದರು. "ಮೊದಲು ನೋಡೋದೇ ಅದನ್ನಲ್ವಾ? ಯಾರಾದ್ರೂ ಆಗ್ತಿಲ್ಲ ಅಂತ ಬಂದ್ರೆ ಎಲ್ಲಕ್ಕಿಂತ ಮೊದಲು ಅದನ್ನೇ ನೋಡ್ತಿದ್ದೆ. ಮೂರು ದಿನ. ಮನೇಲಿ ಕಂಪ್ಯೂಟರ್ ಮುಂದೇನೇ ಕೂತಿದ್ದೆ. ಹೊಳೀಲೇ ಇಲ್ಲ."

ಆಕೆ ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ದಣಿದಿದ್ದಿರಿ, ಎನ್ನಬಹುದಿತ್ತು. ಯಾರಿಗಾದರೂ ಆಗತ್ತೆ, ಎನ್ನಬಹುದಿತ್ತು. ಇಪ್ಪತ್ತೆರಡು ವರ್ಷ ಬೇರೆಯವರ ತಪ್ಪು ಹುಡುಕಿಯೇ ಬದುಕಿದ ಮನುಷ್ಯನಿಗೆ ಅಂಥ ಸಮಾಧಾನ ಹಿಡಿಸುವುದಿಲ್ಲವೆಂದು ಗೊತ್ತಿತ್ತು. ಹರಿದ ಹಾಳೆಯ ಚೂರುಗಳನ್ನು ಆಯ್ದುಕೊಂಡಳು.

ಆ ಸಂಜೆ ಅವರು ಮನೆಯಲ್ಲಿ ಕೂತು ಎಲ್ಲವನ್ನೂ ಮತ್ತೆ ಬರೆದರು. ಮರುದಿನ, ಶುಕ್ರವಾರ ಬೆಳಗ್ಗೆ ಆಕೆ ಪೆನ್‌ಡ್ರೈವ್ ಮುಟ್ಟಲಿಲ್ಲ. ಅವರೇ ಕಿತ್ತುಕೊಂಡು, ಅವರೇ ಜೇಬಿಗೆ ಹಾಕಿಕೊಂಡು, ಗುಂಡಿಯ ಜೊತೆ ಐದು ನಿಮಿಷ ಗುದ್ದಾಡಿದರು. ಈ ಸಲ ಅಂಗಡಿಗೆ ಹೋಗದೆ ನೇರ ಗ್ರಂಥಾಲಯಕ್ಕೇ ಹೋದರು. ತರಿಸಿದ್ದ ಎರಡೂ ಡಬ್ಬಗಳನ್ನು ಆಟೋದಲ್ಲಿ ವಾಪಸು ತಂದು ಉಳಿದವುಗಳ ಸಾಲಿನಲ್ಲಿ ಜೋಡಿಸಿದ್ದರು. ಮೊದಲನೆಯದಕ್ಕೆ ಚುಚ್ಚಿ ಗುಂಡಿ ಒತ್ತಿದಾಗ ಕಪ್ಪು ಪರದೆಯ ಮೇಲೆ ಸಾಲುಗಳು ಸರಸರ ಹರಿದವು, ನಿಂತವು, ಆಮೇಲೆ ನೀಲಿಯ ಬಯಲೊಂದು ತೆರೆದುಕೊಂಡಿತು. ಗ್ರಂಥಾಲಯದ ಮೇಡಮ್ ಚಪ್ಪಾಳೆಯನ್ನೇ ತಟ್ಟಿಬಿಟ್ಟರು. ಪೇಪರು ಓದುತ್ತಿದ್ದ ಒಬ್ಬರು ತಲೆಯೆತ್ತಿ ನೋಡಿ ಮತ್ತೆ ಪೇಪರಿಗೆ ಹೋದರು.

ಅರ್ಧ ಗಂಟೆಯಲ್ಲಿ ಅದು ಒಳಗಿಳಿಯಿತು. ಎರಡನೆಯದರ ಪಾಳಿ.

ಆಕೆ ಪೆನ್‌ಡ್ರೈವಿಗೆ ಕೈ ಚಾಚಿದಳು. ಅವರು ಕೊಡಲಿಲ್ಲ. ಈಗತಾನೇ ಸಿದ್ಧವಾದ ಕಂಪ್ಯೂಟರಿಗೇ ಅದನ್ನು ಮತ್ತೆ ಚುಚ್ಚಿ, ತೆರೆದು, ಎಡಗೈಯ ಬೆರಳನ್ನು ಪರದೆಗೆ ಹಚ್ಚಿ ಒಂದೊಂದೇ ಹೆಸರು ಬಾಯೊಳಗೆ ಓದಿಕೊಂಡರು. ಎಲ್ಲ ಇದ್ದವು. ಕಿತ್ತು ಎರಡನೆಯದಕ್ಕೆ ಹಾಕಿದರು. ಮೂರನೆಯದಕ್ಕೆ ಮುಂಚೆಯೂ ಹಾಗೆಯೇ ಮಾಡಿದರು, ನಾಲ್ಕನೆಯದಕ್ಕೂ. ನಡುವೆ ಅದನ್ನು ಬೇರೆ ಯಾರೂ ಮುಟ್ಟಿರಲಿಲ್ಲ. ಅದು ಅವರ ಕೈಬಿಟ್ಟು ಎಲ್ಲಿಗೂ ಹೋಗಿರಲಿಲ್ಲ.

"ಒಂದ್ಸಲ ನೋಡಿದ್ರೆ ಸಾಕಲ್ವಾ ಅಣ್ಣಾ? ಬೇಗ ಮುಗೀತಿತ್ತು," ಎಂದರು ಮೇಡಮ್, ಗಡಿಯಾರ ನೋಡಿಕೊಂಡು.

"ಅವರು ನೋಡ್ಲಿ," ಎಂದಳು ಹೆಂಡತಿ.

ಗ್ರಂಥಾಲಯ ಮಧ್ಯಾಹ್ನಕ್ಕೆ ಮುಚ್ಚುವ ಹೊತ್ತಾಗಿತ್ತು. ಯಾರೋ ಆ ಕಡೆಯ ಕಿಟಕಿಗಳನ್ನು ಹಾಕುತ್ತಾ ಬಂದರು. ಆರನೆಯದಕ್ಕೆ ಮುಂಚೆ ಅವರು ಪೆನ್‌ಡ್ರೈವ್ ತೆರೆದು, ಮೇಲಿನಿಂದ ಕೆಳಗಿನವರೆಗೆ ಓದಿ, ಮತ್ತೆ ಮೇಲಿನಿಂದ ಶುರು ಮಾಡಿದರು. ಆಕೆ ಕುರ್ಚಿಯ ಬೆನ್ನಿಗೆ ಕೈಯಿಟ್ಟು ಹಿಂದೆ ನಿಂತಿದ್ದಳು, ಕಾಲು ಬದಲಿಸುತ್ತಾ. ಅವಸರ ಮಾಡಲಿಲ್ಲ.