ರುದ್ರಾಣಿಯ ಪಾದದ ಅಳತೆ

“ಇನ್ನೊಂಚೂರು ಬಲವಾಗಿ ಅಮುಕ್ಲಾ” ಎಂದು ರಾಚಯ್ಯನಿಗೆ ಹೇಳುತ್ತ, ಸಿದ್ದಮಲ್ಲಪ್ಪ ತಾನೇ ಕೈಹಾಕಿ ರುದ್ರಾಣಿಯ ಬಲಮಂಡಿಯನ್ನು ಒತ್ತಿದ. ಬಿಸಿನೀರು ಹುಯ್ದರೂ ಕಾಲು ಬಗ್ಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ರಾಚಯ್ಯನ ಹೆಂಡತಿ ಗುರುಸಿದ್ದಮ್ಮ ಒಳಬಂದು ಆ ಮುದುಕನ ಮಣಿಕಟ್ಟು ಹಿಡಿದುಕೊಂಡಳು. ನರಸೀಪುರದಿಂದ ಸೊಸೆಯಾಗಿ ಬಂದಮೇಲೆ ಗಂಡನ ಚಿಕ್ಕಪ್ಪನೆದುರು ತಲೆಯೆತ್ತಿಯೂ ನಿಂತವಳಲ್ಲ.

“ಬುಡಿ ಮಾವ. ಅಕ್ಕಂಗೆ ನೋಯ್ತದೆ.”

“ಸತ್ತೋರ್ಗೆ ಯಾವ ನೋವವ್ವ?”

ಗದರಿಕೆಯಲ್ಲ ಅದು, ಅಣ್ಣನ ಮಗಳನ್ನು ಎತ್ತಿ ಆಡಿಸಿದ ಕೈ ಅವನದು. ಆದರೆ ಲಿಂಗವಂತರಲ್ಲಿ ಹೆಣವನ್ನು ಮಲಗಿಸಿ ಒಯ್ಯುವಂತಿಲ್ಲ. ಚಕ್ಕಂಬಕ್ಕಳ ಹಾಕಿ ಕೂರಿಸಿ, ಕೂತಂತೆಯೇ ಹೂಳಬೇಕು. ರುದ್ರಾಣಿಗೋ ಬದುಕಿದ್ದಾಗಲೂ ಹಾಗೆ ಕೂರಲಾಗಿರಲಿಲ್ಲ. ಹಾಲುಹಲ್ಲು ಬೀಳುವ ಮೊದಲೇ ಬಂದ ಜ್ವರದಲ್ಲಿ ಎಡಗಾಲು ಮುರುಟಿತು, ಬಲಗಾಲು ಕೋಲಿನಂತೆ ಸೆಟೆಯಿತು. ಪಾದಗಳು ಬೆಳೆಯುವುದನ್ನು ಅಲ್ಲಿಗೇ ಬಿಟ್ಟವು. ತಲೆ ನರೆತರೂ ಪಾದ ಮಗುವಿನದೇ.

ಅಳಲು ಬಂದ ಹೆಂಗಸರು ಪಾಪದ ಜೀವ, ಕೂತಲ್ಲೇ ಸವೆಯಿತು ಎಂದರು. ಕೂತು ಉಣ್ಣುವವರಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಅವಳ ಮುಂದೆ ಯಾರಾದರೂ ಆಡಿದ್ದರೆ ತಿಳಿಯುತ್ತಿತ್ತು! ಹುಲ್ಲಹಳ್ಳಿಯ ಮದುವೆಗಳೆಲ್ಲ ಉಂಡದ್ದು ಅವಳು ಹಚ್ಚಿದ ಮುತ್ತುಗದೆಲೆಯ ಮೇಲೆ. ಅವಳನ್ನು ಬಚ್ಚಲಿಗೆ, ಜಗುಲಿಗೆ ಎತ್ತಿ ಒಯ್ದವಳು ಗುರುಸಿದ್ದಮ್ಮ. ಆ ಭಾರ ಇಂದು ಅವಳ ತೋಳಿನಲ್ಲಿ ಇಲ್ಲ.

ಕಾಲನ್ನು ಆಮೇಲೆ ನೋಡೋಣ ಎಂದ ಸಿದ್ದಮಲ್ಲಪ್ಪ. ಸತ್ತವರ ಪಾದವೇ ಗುಂಡಿಗೆ ಅಳತೆಗೋಲು. ಇಷ್ಟು ಪಾದ ಉದ್ದ, ಇಷ್ಟು ಪಾದ ಅಗಲ ಎಂದು ಹಿರಿಯರು ಕಟ್ಟಿಟ್ಟ ಲೆಕ್ಕ. ರಾಚಯ್ಯ ಅಕ್ಕನ ಪಾದಕ್ಕೆ ಕಡ್ಡಿ ಹಿಡಿದು, ಸರಿಯಾಗಿ ಮುರಿದು, ಹೊಲಕ್ಕೆ ಹೊರಟ ಆಳುಗಳ ಕೈಗಿತ್ತ. ಅಳುವ ಗದ್ದಲದಲ್ಲಿ ಯಾರಿಗೂ ಏನೂ ಹೊಳೆಯಲಿಲ್ಲ.

*

ರುದ್ರಾಣಿ ಬಾಯಿಬಿಟ್ಟು ಕೇಳಿದ್ದು ಒಂದೇ. ಮೈಸೂರಿನಲ್ಲಿರುವ ಮಹಾರಾಜರ ದೊಡ್ಡ ತೋಟವನ್ನು ನೋಡಬೇಕು.

ದಸರೆಗೆ ಹೋಗಿ ಬಂದವರನ್ನೆಲ್ಲ ಕೂರಿಸಿಕೊಂಡು ವಿಚಾರಿಸುತ್ತಿದ್ದಳು. ಅವರು ಕಾರಂಜಿ, ಗುಲಾಬಿ ಎಂದು ಬಣ್ಣಿಸುವರು. ಬಾಗಿಲಲ್ಲಿ ಮೆಟ್ಟಿಲುಂಟೋ, ದಣಿದರೆ ಒರಗಲು ಜಾಗವುಂಟೋ ಎಂದರೆ ಒಬ್ಬರಿಗೂ ಗೊತ್ತಿಲ್ಲ. ಕಾಲಿದ್ದವರಿಗೆ ಮೆಟ್ಟಿಲು ಕಣ್ಣಿಗೆ ಬೀಳುವುದಿಲ್ಲ. ಕೊನೆಗೆ ರಾಚಯ್ಯನೇ, ಏನಾದರಾಗಲಿ ಎಂದು, ಅಕ್ಕನನ್ನೂ ಹೆಂಡತಿಯನ್ನೂ ನಂಜನಗೂಡಿಗೆ ಕರೆತಂದು ರೈಲು ಹತ್ತಿಸಿದ. ಎತ್ತಿನಗಾಡಿಯಲ್ಲೂ ರೈಲಿನಲ್ಲೂ ಜನ ಅವಳಿಗೆ ಹೇಳಿದ್ದು ಒಂದೇ ಮಾತು, ಕಾಲು ಒಳಗೆ ತೆಗೆದುಕೋ ಎಂದು.

ತೋಟದ ಬಾಗಿಲಲ್ಲಿ ದನ ನುಗ್ಗದಂತೆ ಕಬ್ಬಿಣದ ತಿರುಗಣೆ ಹಾಕಿದ್ದರು. ಸೆಟೆದ ಕಾಲಿನವಳನ್ನು ಎತ್ತಿಕೊಂಡು ಅದರಲ್ಲಿ ತೂರುವುದು ಆಗದ ಮಾತು. ಜಟಕಾ ಒಳಗೆ ಬಿಡುವಂತಿಲ್ಲ ಎಂದ ಕಾವಲಿನವನು. ರುದ್ರಾಣಿ ಕಂಬಿಯ ಸಂದಿಯಿಂದಲೇ ಒಳಗೆ ನೋಡುತ್ತ ಕೂತಳು. ಅದನ್ನು ಕಂಡು ಬಂದವನು ಬೆಟ್ಟಯ್ಯನೆಂಬ ಮಾಲಿ. ಗೊಬ್ಬರ ತಳ್ಳುವ ಒಂಟಿಚಕ್ರದ ಗಾಡಿಗೆ ಗೋಣಿ ಹಾಸಿ, ಆಳುಗಳು ಓಡಾಡುವ ಹಿಂಬಾಗಿಲಿನಿಂದ ಅವಳನ್ನು ಒಳಗೆ ತಳ್ಳಿಕೊಂಡು ಹೋದ.

ಹುಲ್ಲು, ಹೂವು, ನೆರಳು. ಕಾಲು ಮುಂದಕ್ಕೆ ಚಾಚಿಕೊಂಡು ರುದ್ರಾಣಿ ಗೊಬ್ಬರದ ಗಾಡಿಯಲ್ಲಿ ಮಹಾರಾಣಿಯ ಹಾಗೆ ಸಾಗಿದಳು. ಹುಡುಗರು ನಕ್ಕರೆ ತಾನೂ ನಕ್ಕಳು.

“ಗುರುಸಿದ್ದಿ, ಇಲ್ಲಿ ನನ್ ಕಾಲು ಯಾರ್ಗೂ ಅಡ್ಡ ಇಲ್ಲ ಕಣೆ” ಎಂದಳು.

ವರ್ಷವರ್ಷವೂ ಬರೋಣ ಎಂದುಕೊಂಡರು. ಬಿತ್ತನೆ, ಬಾಣಂತನ, ಪ್ಲೇಗು ಎಂದು ಒಂದಲ್ಲ ಒಂದು ಅಡ್ಡಬಂತು. ಮತ್ತೆ ಹೋಗಲಾಗಲೇ ಇಲ್ಲ.

*

ಇಳಿಹೊತ್ತಿಗೆ ಹೆಣ ಹೊಲದ ಬದುವಿಗೆ ಬಂತು. ಹೊತ್ತವರು ಗುಂಡಿ ನೋಡಿ ಅಲ್ಲೇ ನಿಂತರು. ಮಗುವಿನ ಪಾದದ ಲೆಕ್ಕದಲ್ಲಿ ತೋಡಿದ್ದರಿಂದ ಅದು ಮಗುವಿಗೇ ಸರಿಹೋಗುವಂತಿತ್ತು. ಆಳುಗಳು ಕಡ್ಡಿ ತೋರಿಸಿ, ಕೊಟ್ಟ ಅಳತೆಯಲ್ಲಿ ಎಳ್ಳಷ್ಟೂ ತಪ್ಪಿಲ್ಲ ಎಂದರು.

ಪಾದದ ಅಳತೆ ಮೀರಿ ಗುದ್ದಲಿ ಹಾಕಿದರೆ ಸತ್ತವಳಿಗೆ ಸದ್ಗತಿಯಿಲ್ಲ ಎಂದ ಸಿದ್ದಮಲ್ಲಪ್ಪ. ಇನ್ನುಳಿದದ್ದು ಒಂದೇ ದಾರಿ. ಅದನ್ನು ಅವನು ಹೆಣದ ಕಡೆ ನೋಡದೆ ಹೇಳಿದ.

“ಕಾಲು ಮುರೀಬೇಕಾಯ್ತದೆ ಕಣಪ್ಪ ರಾಚ.”

ರಾಚಯ್ಯ ಅಕ್ಕನ ಮುಖ ನೋಡಿದ, ನೆಲ ನೋಡಿದ. ಹಿರಿಯರ ಮಾತು ಮೀರಿದವನಲ್ಲ. ಅವನು ಮುಂದಕ್ಕೆ ಹೆಜ್ಜೆಯಿಡುವಷ್ಟರಲ್ಲಿ ಗುರುಸಿದ್ದಮ್ಮ ಹೆಂಗಸರ ನಡುವಿನಿಂದ ಬಂದು, ಗುಂಡಿಯ ಅಂಚಿನಲ್ಲಿ ಸೀರೆಯ ನೆರಿಗೆ ಎತ್ತಿ ಬಲಪಾದವನ್ನು ಊರಿದಳು.

“ನನ್ ಪಾದ ಅಳೀರಿ. ಅಕ್ಕ ಕಾಲ್ ಚಾಚ್ಕೊಂಡೇ ಕೂರ್ಲಿ.”

ಹೆಂಗಸರು ಸೆರಗನ್ನು ಬಾಯಿಗೊತ್ತಿಕೊಂಡರು. ಬದುಕಿರುವವರ ಪಾದದಲ್ಲಿ ಗುಂಡಿ ಅಳೆದರೆ ಅವರಿಗೇ ತೋಡಿದಂತೆ. ಮಕ್ಕಳೊಂದಿಗಳು ನೀನು, ಹಾಗೆಲ್ಲ ಆಡಬೇಡ ತಾಯಿ ಎಂದು ಸಿದ್ದಮಲ್ಲಪ್ಪ ಅಂಗಲಾಚಿದ.

“ಇಷ್ಟ್ ವರ್ಸ ಅಕ್ಕನೂ ಈ ಕಾಲಲ್ಲೇ ಅಲ್ವಾ ಮಾವ ಓಡಾಡಿದ್ದು” ಎಂದಳು ಗುರುಸಿದ್ದಮ್ಮ. “ಅಕ್ಕನ್ದೇ ಅಂದ್ಕೊಳಿ.”

ರಾಚಯ್ಯ ಬೇಲಿಯಿಂದ ಹೊಸ ಕಡ್ಡಿಯೊಂದನ್ನು ಮುರಿದು ತಂದು ಹೆಂಡತಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಗುರುಸಿದ್ದಮ್ಮ ಅವನ ಹೆಗಲ ಮೇಲೆ ಕೈಯೂರಿ, ಅಳತೆ ಕಮ್ಮಿಯಾಗದಿರಲೆಂದು ಹೆಬ್ಬೆರಳನ್ನು ಮುಂದಕ್ಕೆ ಚಾಚಿ, ಹಿಮ್ಮಡಿಯನ್ನು ಮಣ್ಣಿಗೆ ಒತ್ತಿ ನಿಂತಳು.