ಅಕ್ಕನ ಅತ್ತೆಯ ಡಿಸ್ಕೋ

ಮುನ್ನೂರು ರೆಕಾರ್ಡುಗಳು ಕಾರ್ಖಾನೆಯಿಂದ ಬಂದಿಳಿದ ದಿನವೇ ಅಕ್ಕನ ಅತ್ತೆ ಹನ್ನೊಂದು ಗಂಟೆಗೆ ಅಂಗಡಿಗೆ ಬರುವವರಿದ್ದರು. ಹಾಡಿದವರು ಅವರೇ. ಅವರ ಸಹಿ ಬೀಳದೆ ಒಂದು ರೆಕಾರ್ಡೂ ಹೊಸ್ತಿಲು ದಾಟುವಂತಿರಲಿಲ್ಲ.

ಅಕ್ಕ ಮತ್ತು ನಾನು ನಡೆಸುವುದು ಕುಣಿತದ ಸಿಂಗಲ್‌ಗಳ, ಅಂದರೆ ಒಂದೊಂದೇ ಹಾಡಿನ ರೆಕಾರ್ಡುಗಳ ಅಂಗಡಿ. ಹಿಂದಿನ ಕೋಣೆಯಲ್ಲಿ ನಮ್ಮದೇ ಪುಟ್ಟ ಕಂಪನಿಯೂ ಇದೆ. ಮರೆತುಹೋದ ಡಿಸ್ಕೋ ಹಾಡೊಂದನ್ನು ಹುಡುಕಿ ಮತ್ತೆ ಅಚ್ಚು ಹಾಕಿಸುತ್ತೇವೆ. ಹಿಂಬದಿಗೆ ಅದೇ ಹಾಡಿನ ಹೊಸ ರೂಪ, ಈಗಿನ ಹುಡುಗರು ಕುಣಿಯುವ ಓಟದ ತಾಳದ ಡ್ರಮ್ ಅಂಡ್ ಬೇಸ್‌ನಲ್ಲಿ. ಒಂದೇ ತಟ್ಟೆಯಲ್ಲಿ ಅಜ್ಜಿಯೂ ಮೊಮ್ಮಗಳೂ. ಈ ಸಲದ ಹಾಡಿನ ಗಾಯಕಿ ಯಾರೆಂದು ಎರಡು ವರ್ಷ ಹುಡುಕಿದೆವು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಆಕೆ ಅಕ್ಕನ ಮನೆಯಲ್ಲೇ ಇದ್ದರು, ಅದೂ ನಿವೃತ್ತ ಹೆಡ್‌ಮಿಸ್ ವೇಷದಲ್ಲಿ.

ಇಪ್ಪತ್ತೊಂದನೇ ವಯಸ್ಸಿನಲ್ಲಿ ಒಂದೇ ಒಂದು ಸಿಂಗಲ್ ಹಾಡಿ, ಆಮೇಲೆ ಮೈಕು ಬಿಟ್ಟು ಸೀಮೆಸುಣ್ಣ ಹಿಡಿದವರು. ಅಕ್ಕ ಆರು ತಿಂಗಳು ಬೆನ್ನು ಬಿದ್ದ ಮೇಲೆ ಬೀರುವಿನಿಂದ ಹಳೆಯ ಟೇಪಿನ ಡಬ್ಬಿ ತೆಗೆದುಕೊಟ್ಟಿದ್ದರು. “ಮೊದಲು ಕೇಳ್ತೀನಿ. ಆಮೇಲೆ ಸಹಿ. ಸರಿ ಅನ್ನಿಸದಿದ್ರೆ ಇಲ್ಲ.”

ಹತ್ತು ಗಂಟೆಗೆ ಅಕ್ಕ ಮೊದಲ ರೆಕಾರ್ಡನ್ನು ಹಾಕಿದಳು. ಲೇಬಲ್ಲಿನ ಮೇಲೆ ಐದು ನಿಮಿಷ ಹತ್ತು ಸೆಕೆಂಡು ಎಂದಿತ್ತು. ಐದೂವರೆ ನಿಮಿಷ ದಾಟಿದರೂ ಹಾಡು ಇನ್ನೂ ನಡೆಯುತ್ತಲೇ ಇತ್ತು.

“ಇದೇನೋ, ನಮ್ಮತ್ತೆ ವಾಕಿಂಗ್ ಹೊರಟ ಹಾಗಿದೆ?”

ಸಂತೆಯಲ್ಲಿ ಸಿಕ್ಕಿದ್ದ ಇದೇ ಹಾಡಿನ ಹಳೆಯ ರೆಕಾರ್ಡನ್ನು ಪಕ್ಕದ ಪ್ಲೇಯರಿಗೆ ಹಾಕಿದಳು. ಅದರಲ್ಲಿ ದನಿ ಸಣ್ಣ, ತಾಳ ಚುರುಕು. ನಮ್ಮದರಲ್ಲಿ ಎಲ್ಲವೂ ಒಂದು ಹೆಜ್ಜೆ ನಿಧಾನ, ದನಿ ದಪ್ಪ. ನಾನು ಟೇಪಿನ ಡಬ್ಬಿಯನ್ನು ತಿರುವಿ ನೋಡಿದೆ. ತಳದಲ್ಲಿ ಮಾಸಿದ ಪೆನ್ಸಿಲ್ ಬರಹ: ‘ರೆಕಾರ್ಡಿಗೆ ಅಚ್ಚು ಹಾಕುವಾಗ ಟೇಪಿನ ವೇಗ ಹೆಚ್ಚಿಸಿ.’

“ಕಾರ್ಖಾನೆಯವರು ಮೊದಲು ಮಾದರಿ ರೆಕಾರ್ಡು ಕಳಿಸಿದಾಗ ಕೇಳಿದ್ದು ಯಾರು?” ಎಂದಳು ಅಕ್ಕ, ಪಕ್ಕಾ ತನ್ನ ಅತ್ತೆಯ ಧಾಟಿಯಲ್ಲಿ. ಬೇರೆ ದಿನವಾಗಿದ್ದರೆ ಆ ಧಾಟಿಯನ್ನು ನಾನೂ ಅಣಕಿಸಿ ತೋರಿಸುತ್ತಿದ್ದೆ.

“ನಾನೇ ಕಣೇ. ಆ ವಾರವೆಲ್ಲ ಹೊಸ ಡ್ರಮ್ ಅಂಡ್ ಬೇಸ್ ಕೇಳ್ತಿದ್ದೆ. ನಿಮಿಷಕ್ಕೆ ನೂರ ಎಪ್ಪತ್ತು ಏಟು. ಅದಾದ ಮೇಲೆ ಯಾವ ಡಿಸ್ಕೋ ಹಾಕಿದ್ರೂ ಎತ್ತಿನ ಗಾಡಿ ಥರಾನೇ ಕೇಳಿಸುತ್ತೆ. ನನ್ನ ಕಿವೀನೇ ಓಡ್ತಿದೆ ಅಂದ್ಕೊಂಡು ಸರಿ ಅಂದ್ಬಿಟ್ಟೆ.”

“ತಾಳಿದವನು ಬಾಳಿಯಾನು ಅಂತಾರೆ. ನಿನಗೆ ತಾಳಾನೂ ಇಲ್ಲ, ತಾಳ್ಮೇನೂ ಇಲ್ಲ. ನೀನು ಇಲ್ಲಿಂದ ಮನೆಗೆ ಹೋಗ್ತೀಯ, ನಾನು ಹೋಗಬೇಕಾದ್ದು ಅವರ ಮನೆಗೆ. ದಿನಾ ಅವರೆದುರೇ ಊಟಕ್ಕೆ ಕೂರಬೇಕು.”

ಅತ್ತೆ ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಬಂದರು.

ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಪರೀಕ್ಷೆಯ ಕೊಠಡಿಯಲ್ಲಿ ಕೂತ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತರು. ಅಕ್ಕ ಸೂಜಿ ಇಳಿಸಿದಳು. ಮೊದಲ ಸಾಲು ಮುಗಿಯುವ ಹೊತ್ತಿಗೆ ಅತ್ತೆ ಕನ್ನಡಕ ತೆಗೆದರು. ಎರಡನೇ ಚರಣದಲ್ಲಿ ಕೈಯೆತ್ತಿದರು, ನಿಲ್ಲಿಸಲೆಂದು ತಿಳಿದು ಅಕ್ಕ ಎದ್ದಳು. “ಕೂತ್ಕೋ” ಎಂದರು. ಹಾಡು ಪೂರ್ತಿ ಮುಗಿಯಿತು. ಖಾಲಿ ಗೆರೆಯ ಮೇಲೆ ಸೂಜಿ ಕರಕರ ಎನ್ನುತ್ತಲೇ ಇತ್ತು.

“ಇದನ್ನ ಮಾಡಿದ್ದು ಯಾರು?”

“ಇವನು” ಎಂದಳು ಅಕ್ಕ. ಇಷ್ಟು ಬೇಗ ಯಾವ ಅಕ್ಕನೂ ತಮ್ಮನನ್ನು ಹಿಡಿದುಕೊಟ್ಟಿರಲಾರಳು.

ನಾನು ಎಲ್ಲವನ್ನೂ ಒಪ್ಪಿಕೊಂಡೆ. ಪೆನ್ಸಿಲ್ ಬರಹ ನೋಡದ್ದು, ಕಿವಿ ಓಡಿದ್ದು, ಮುನ್ನೂರು ರೆಕಾರ್ಡು, ಎಲ್ಲ. ಅತ್ತೆ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಆ ಬರಹದ ಮೇಲೆ ಹೆಬ್ಬೆರಳಾಡಿಸಿದರು.

“ಇದನ್ನ ಬರೆದ ಕಂಪನಿಯ ಪುಣ್ಯಾತ್ಮ, ನಿನ್ನ ಗಂಟಲು ದಪ್ಪ, ಜನ ಕುಣಿಯೋಲ್ಲ ಅಂದ. ನನಗೆ ಹೇಳದೇನೆ ಟೇಪು ಜೋರಾಗಿ ಓಡಿಸಿಬಿಟ್ಟ. ರೆಕಾರ್ಡು ಮನೆಗೆ ತಂದು ಹಾಕಿದ್ರೆ ನಮ್ಮಣ್ಣಂದಿರು ನೆಲದ ಮೇಲೆ ಬಿದ್ದು ನಕ್ಕರು. ಅಳಿಲು ಹಾಡಿದ ಹಾಗಿದೆ ಅಂತ. ಅವತ್ತಿಂದ ನಾನು ಬಚ್ಚಲಲ್ಲೂ ಹಾಡಿಲ್ಲ.”

ಅಕ್ಕ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

“ನೀವೂ ಆ ಅಳಿಲನ್ನೇ ಕೇಳಿಸ್ತೀರಿ ಅಂದ್ಕೊಂಡು ಬಂದಿದ್ದೆ. ನಿಜ ಹೇಳ್ಬೇಕಂದ್ರೆ ಸಹಿ ಹಾಕೋ ಮನಸ್ಸಿರಲಿಲ್ಲ. ಪೆನ್ನೂ ತಂದಿಲ್ಲ ನೋಡು.” ಸೆರಗಿನಿಂದ ಕಣ್ಣೊರೆಸಿಕೊಂಡು ಕನ್ನಡಕ ಹಾಕಿಕೊಂಡರು. “ಇದು ನಾನು ಹಾಡಿದ್ದು. ನನ್ನ ಗಂಟಲು ಇಷ್ಟು ಚೆನ್ನಾಗಿತ್ತು ಅಂತ ನನಗೇ ಮರೆತುಹೋಗಿತ್ತು.”

ಅಕ್ಕ ಪೆನ್ನು ಚಾಚಿದಳು. ಅತ್ತೆ ಪ್ರಗತಿಪತ್ರಕ್ಕೆ ಹಾಕುವ ಹಾಗೆ ದೊಡ್ಡದಾಗಿ ಸಹಿ ಹಾಕಿದರು. ನಾನು ಎಷ್ಟು ಹೊತ್ತಿನಿಂದ ಉಸಿರು ಕಟ್ಟಿಕೊಂಡಿದ್ದೆನೋ, ಅದು ಹೊರಬಂದ ರಭಸಕ್ಕೆ ಅಕ್ಕನಿಗೆ ನಗು ತಡೆಯಲಿಲ್ಲ.

“ನಿನಗೆ ಮಾತ್ರ ಪಾಸ್ ಮಾರ್ಕ್ಸ್ ಕೊಡಲ್ಲ ಕಣಪ್ಪ” ಎಂದರು ನನಗೆ. “ಉತ್ತರ ಸರಿ, ಲೆಕ್ಕ ಮಾಡಿದ ರೀತಿ ತಪ್ಪು. ಲೇಬಲ್ಲಲ್ಲಿ ಸಮಯ ತಿದ್ದು, ಮುನ್ನೂರಕ್ಕೂ, ಕೈಯಲ್ಲೇ.”

ಆಮೇಲೆ ಹಿಂಬದಿ ಕೇಳಿಸಿದೆವು. ಡ್ರಮ್ಮು ಶುರುವಾದ ಕೂಡಲೇ ಅತ್ತೆ ಕೈಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಕೊನೇ ಬೆಲ್ ಹೊಡೆದ ಮೇಲೆ ಮಕ್ಕಳು ಮೆಟ್ಟಿಲಿಳಿಯೋ ಹಾಗಿದೆ. ಬೇಡ ಅನ್ನಲ್ಲ. ಆದ್ರೆ ಈಗ ಮುಂಬದೀನೇ ಹಾಕಮ್ಮ.”

ಸೊಸೆ ಹಾಕಿದಳು. ನಾನು ಪೆನ್ನು ಹಿಡಿದು ಮೊದಲ ಲೇಬಲ್ ತಿದ್ದತೊಡಗಿದೆ. ಅತ್ತೆ ಕವರುಗಳನ್ನು ಬಿಡಿಸಿ ಒಂದೊಂದಾಗಿ ನನ್ನತ್ತ ಸರಿಸುತ್ತ, ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂಬಂತೆ, ತಮ್ಮ ಇಪ್ಪತ್ತೊಂದರ ದನಿಯ ಜೊತೆ ದಪ್ಪ ಗಂಟಲಲ್ಲಿ ಹಾಡತೊಡಗಿದರು.